ಅಮೆರಿಕದ ಮಾಜಿ ಸೈನಿಕರಿಗೆ ಚಿಕಿತ್ಸೆ: ಖಾಸಗಿ ಕ್ಲಿನಿಕ್ ವಿಎ ಜಾಲಕ್ಕೆ ಸೇರುವುದು ಹೇಗೆ

“ನೀವು ವಿಎ ತಗೋತೀರಾ?” ಅಮೆರಿಕದ ಖಾಸಗಿ ಕ್ಲಿನಿಕ್‌ಗಳ ರಿಸೆಪ್ಷನ್‌ಗೆ ಬರುವ ಮಾಜಿ ಸೈನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ವಿಎ ಎಂದರೆ ಮಾಜಿ ಸೈನಿಕರನ್ನು ನೋಡಿಕೊಳ್ಳುವ ಅಮೆರಿಕ ಸರ್ಕಾರದ ಇಲಾಖೆ. ರೆಫರಲ್ ಎಂಬ ಒಪ್ಪಿಗೆ ಪತ್ರ ಕೊಟ್ಟು ಅದು ತನ್ನ ರೋಗಿಗಳನ್ನು ಕಳಿಸುವ ಖಾಸಗಿ ವೈದ್ಯರ ಗುಂಪೇ ಅದರ ಜಾಲ. ಬರೀ ಹೌದು ಎಂದರೆ ನಾಳೆ ಬಿಲ್ ತಿರಸ್ಕೃತವಾಗಬಹುದು. ಬರೀ ಇಲ್ಲ ಎಂದರೆ ಚಿಕಿತ್ಸೆ ಸಿಗಬೇಕಾದವರು ವಾಪಸ್ ಹೋಗುತ್ತಾರೆ. ಸರಿಯಾದ ಉತ್ತರ ಹೀಗಿರಬೇಕು: “ನಾವು ಆ ಜಾಲದಲ್ಲಿದ್ದೇವೆ. ನಿಮ್ಮ ರೆಫರಲ್ ವಿಎಯಿಂದ ನಮಗೆ ಬಂದಿದೆಯಾ ನೋಡುತ್ತೇವೆ.”

ಜಾಲಕ್ಕೆ ಸೇರುವುದು ಒಂದು ಕೆಲಸ, ಪ್ರತಿ ರೋಗಿಗೂ ಮುಂಚಿತವಾಗಿ ಒಪ್ಪಿಗೆ ಪಡೆಯುವುದು ಇನ್ನೊಂದು ಕೆಲಸ. ಕ್ಲಿನಿಕ್‌ಗಳು ಎಡವುವುದು ಹೆಚ್ಚಾಗಿ ಈ ಎರಡನ್ನೂ ಒಂದೇ ಎಂದು ತಿಳಿದಾಗ. ಅಮೆರಿಕದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಕನ್ನಡಿಗ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು, ಮನಶ್ಶಾಸ್ತ್ರಜ್ಞರು, ಅವರ ಆಫೀಸು ನೋಡಿಕೊಳ್ಳುವ ಮನೆಯವರು ಮತ್ತು ಬಿಲ್ಲಿಂಗ್ ಕೆಲಸದಲ್ಲಿರುವವರು ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಏರ್ಪಾಟು ಹುಟ್ಟಿದ್ದು ಹೇಗೆ

ವೆಟರನ್ಸ್ ಅಫೇರ್ಸ್ ಇಲಾಖೆ ಎಲ್ಲರ ಬಾಯಲ್ಲೂ ವಿಎ. ಅದಕ್ಕೆ ತನ್ನದೇ ಆದ ಸುಮಾರು 170 ವೈದ್ಯಕೀಯ ಕೇಂದ್ರಗಳಿವೆ, ಸಾವಿರಕ್ಕೂ ಹೆಚ್ಚು ಹೊರರೋಗಿ ಕ್ಲಿನಿಕ್‌ಗಳಿವೆ. ನೋಂದಾಯಿಸಿಕೊಂಡ ಮಾಜಿ ಸೈನಿಕರು ಸುಮಾರು 90 ಲಕ್ಷ. 2014ರಲ್ಲಿ ಅರಿಝೋನಾದ ಫೀನಿಕ್ಸ್‌ನಲ್ಲಿ ಅಪಾಯಿಂಟ್‌ಮೆಂಟ್‌ಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವರ ಹೆಸರುಗಳನ್ನು ಅಧಿಕೃತ ಪಟ್ಟಿಗೆ ಸೇರಿಸದೆ ಮುಚ್ಚಿಟ್ಟಿದ್ದ ವಿಷಯ ಬಯಲಾಗಿ ದೇಶವೇ ಗದ್ದಲವೆದ್ದಿತು. ಅದೇ ವರ್ಷ ಬಂದ ಚಾಯ್ಸ್ ಕಾಯಿದೆ, ವಿಎ ಕೇಂದ್ರ 40 ಮೈಲಿಗಿಂತ ದೂರವಿದ್ದರೆ ಅಥವಾ 30 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ ಖಾಸಗಿ ವೈದ್ಯರ ಬಳಿ ಹೋಗಲು ಅವಕಾಶ ಕೊಟ್ಟಿತು. ಆದರೆ ನಿಯಮಗಳು ಗೋಜಲಾಗಿದ್ದವು, ಹಣ ತಡವಾಗಿ ಬರುತ್ತಿತ್ತು. ಅನೇಕ ವೈದ್ಯರು ಬೇಸತ್ತು ಹಿಂದೆ ಸರಿದರು. ಆ ಕಾಲದ ಕಹಿ ಇನ್ನೂ ಕೆಲವರ ಮನಸ್ಸಿನಲ್ಲಿದೆ, ವಿಎ ಹೆಸರೆತ್ತಿದರೆ ಮುಖ ಸಿಂಡರಿಸುವವರಿದ್ದಾರೆ.

2018ರ ಜೂನ್ 6ರಂದು ಮಿಷನ್ ಕಾಯಿದೆಗೆ ಸಹಿ ಬಿತ್ತು. ಸರಿಯಾಗಿ ಒಂದು ವರ್ಷದ ನಂತರ, 2019ರ ಜೂನ್ 6ರಿಂದ, ಹೊರಗಿನ ವೈದ್ಯರಿಂದ ಚಿಕಿತ್ಸೆ ಕೊಡಿಸುವ ಈಗಿನ ಕಮ್ಯುನಿಟಿ ಕೇರ್ ಕಾರ್ಯಕ್ರಮ ನಡೆಯುತ್ತಿದೆ. ಕೊಡಗು, ಬೆಳಗಾವಿ ಕಡೆಯ ಓದುಗರಿಗೆ ನಮ್ಮ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಪರಿಚಯವಿರುತ್ತದೆ. 2003ರ ಏಪ್ರಿಲ್‌ನಲ್ಲಿ ಶುರುವಾದ ಆ ಯೋಜನೆಯಲ್ಲೂ ಪಾಲಿಕ್ಲಿನಿಕ್ ರೆಫರಲ್ ಕೊಟ್ಟರೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆ ನಗದು ಕೇಳದೆ ಚಿಕಿತ್ಸೆ ಕೊಡುತ್ತದೆ. ಅಮೆರಿಕದ ಏರ್ಪಾಟಿನ ತಳಹದಿಯೂ ಅದೇ. ಆದರೆ ಅಲ್ಲಿ ಜಾಲವನ್ನು ಕಟ್ಟುವುದು, ವೈದ್ಯರ ಅರ್ಹತೆ ಪರಿಶೀಲಿಸುವುದು, ಬಿಲ್ ಪಾವತಿಸುವುದು ಸರ್ಕಾರ ನೇಮಿಸಿದ ಗುತ್ತಿಗೆ ಕಂಪನಿಗಳ ಕೆಲಸ. ಯಾವ ರೋಗಿಯನ್ನು ಹೊರಗೆ ಕಳಿಸಬೇಕು, ಯಾವ ಚಿಕಿತ್ಸೆಗೆ ಕಳಿಸಬೇಕು ಎಂಬ ತೀರ್ಮಾನ ಮಾತ್ರ ವಿಎ ಕೈಯಲ್ಲೇ ಉಳಿದಿದೆ.

ಯಾರನ್ನು ಹೊರಗೆ ಕಳಿಸುತ್ತಾರೆ

ಪ್ರಾಥಮಿಕ ಚಿಕಿತ್ಸೆ ಅಥವಾ ಮಾನಸಿಕ ಆರೋಗ್ಯಕ್ಕೆ ವಿಎ ಕೇಂದ್ರ ಮನೆಯಿಂದ ಸರಾಸರಿ 30 ನಿಮಿಷದ ಕಾರು ಪ್ರಯಾಣಕ್ಕಿಂತ ದೂರವಿದ್ದರೆ, ಅಥವಾ 20 ದಿನದೊಳಗೆ ಅಪಾಯಿಂಟ್‌ಮೆಂಟ್ ಸಿಗದಿದ್ದರೆ, ಹೊರಗಿನ ವೈದ್ಯರು ಸಿಗುತ್ತಾರೆ. ತಜ್ಞರ ಚಿಕಿತ್ಸೆಗೆ ಈ ಮಿತಿ 60 ನಿಮಿಷ, 28 ದಿನ. ಬೇಕಾದ ಸೇವೆಯೇ ವಿಎಯಲ್ಲಿ ಇಲ್ಲದಿದ್ದರೆ, ಎಲ್ಲ ಸೌಲಭ್ಯವಿರುವ ವಿಎ ಆಸ್ಪತ್ರೆ ಆ ರಾಜ್ಯದಲ್ಲೇ ಇಲ್ಲದಿದ್ದರೆ, ಹೊರಗೆ ಕಳಿಸುವುದೇ ರೋಗಿಗೆ ಒಳ್ಳೆಯದೆಂದು ವೈದ್ಯರಿಗೂ ರೋಗಿಗೂ ಅನ್ನಿಸಿದರೆ ಕೂಡ ಅವಕಾಶವಿದೆ.

ಕ್ಲಿನಿಕ್ ಈ ಲೆಕ್ಕವನ್ನು ಹಾಕಬೇಕಿಲ್ಲ, ಹಾಕಲೂ ಬಾರದು. “ನಿಮ್ಮ ಮನೆ ದೂರ ಇದೆ, ನೀವು ಅರ್ಹರು, ಬನ್ನಿ” ಎಂದು ರಿಸೆಪ್ಷನ್‌ನಲ್ಲಿ ಕೂತವರು ಧೈರ್ಯ ಹೇಳಿ ಕರೆಸಿಕೊಂಡರೆ, ಕೊನೆಗೆ ಆ ಭೇಟಿಯ ಹಣ ಯಾರೂ ಕೊಡುವುದಿಲ್ಲ.

ಯಾರ ಬಾಗಿಲು ತಟ್ಟಬೇಕು

ಇಡೀ ದೇಶವನ್ನು ಐದು ಪ್ರದೇಶಗಳಾಗಿ ವಿಂಗಡಿಸಲಾಗಿದೆ. ಮೊದಲ ಮೂರು ಆಪ್ಟಮ್ ಕಂಪನಿಯ ಕೈಯಲ್ಲಿವೆ. ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾದಂಥ ಪೂರ್ವದ ರಾಜ್ಯಗಳು ಮೊದಲ ಪ್ರದೇಶದಲ್ಲಿವೆ. ಮಿಷಿಗನ್, ಇಲಿನಾಯ್, ಓಹಾಯೊ, ಮಿನೆಸೋಟಾ ಮತ್ತು ಸುತ್ತಲಿನವು ಎರಡನೆಯದರಲ್ಲಿ, ಫ್ಲಾರಿಡಾ, ಜಾರ್ಜಿಯಾ, ಟೆನೆಸಿ, ಅರ್ಕನ್ಸಾ, ಒಕ್ಲಹೋಮಾ ಮೊದಲಾದವು ಮೂರನೆಯದರಲ್ಲಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಅರಿಝೋನಾ, ಕೊಲರಾಡೊ, ವಾಷಿಂಗ್ಟನ್ ಸೇರಿದಂತೆ ಪಶ್ಚಿಮದ ರಾಜ್ಯಗಳ ನಾಲ್ಕನೆಯ ಪ್ರದೇಶವನ್ನೂ, ಅಲಾಸ್ಕಾ ಒಂದೇ ಇರುವ ಐದನೆಯದನ್ನೂ ಟ್ರೈವೆಸ್ಟ್ ನೋಡಿಕೊಳ್ಳುತ್ತದೆ. ಇವು ಅವಧಿಯ ಗುತ್ತಿಗೆಗಳು. ಆದ್ದರಿಂದ ಅರ್ಜಿ ಹಾಕುವ ಮುನ್ನ ನಿಮ್ಮ ರಾಜ್ಯ ಸದ್ಯ ಯಾರ ಕೈಯಲ್ಲಿದೆ ಎಂದು ವಿಎ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಗಡಿಯಲ್ಲಿ ಇರುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಟೆಕ್ಸಾರ್ಕಾನಾ ಊರಿನ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ರಸ್ತೆಯ ಒಂದು ಬದಿ ಟೆಕ್ಸಾಸ್, ಅದು ಟ್ರೈವೆಸ್ಟ್‌ನದು. ಇನ್ನೊಂದು ಬದಿ ಅರ್ಕನ್ಸಾ, ಅದು ಆಪ್ಟಮ್‌ನದು. ಎರಡೂ ಬದಿಯಲ್ಲಿ ಶಾಖೆಯಿದ್ದರೆ ಎರಡೂ ಕಡೆ ಒಪ್ಪಂದ ಬೇಕು.

ದಂತವೈದ್ಯರು, ಫಿಸಿಯೋಥೆರಪಿ, ಕೈರೋಪ್ರಾಕ್ಟಿಕ್, ಅಕ್ಯುಪಂಕ್ಚರ್, ಮಾನಸಿಕ ಆರೋಗ್ಯ ಸೇವೆಯವರಿಗೆ ಸಾಮಾನ್ಯ ವೈದ್ಯರ ಅರ್ಜಿಗಿಂತ ಬೇರೆ ದಾರಿ ಇರುತ್ತದೆ. ತಪ್ಪು ವಿಭಾಗಕ್ಕೆ ಹೋದ ಅರ್ಜಿ ತಿರಸ್ಕಾರವೂ ಆಗದೆ, ಮುಂದಕ್ಕೂ ಹೋಗದೆ ಸುಮ್ಮನೆ ಬಿದ್ದಿರುತ್ತದೆ. ಹಾಗಾಗಿ ಮೊದಲ ದಿನವೇ ಆ ಕಂಪನಿಯ ವೈದ್ಯರ ವಿಭಾಗಕ್ಕೆ ಫೋನ್ ಮಾಡಿ ನಿಮ್ಮ ವಿಶೇಷತೆಗೆ ಯಾವ ಅರ್ಜಿ ಎಂದು ಕೇಳಿ, ಕೇಳಿದ ದಿನಾಂಕವನ್ನೂ ಉತ್ತರವನ್ನೂ ಬರೆದಿಟ್ಟುಕೊಳ್ಳಿ.

ಅರ್ಜಿಗೆ ಮುನ್ನ ಮೇಜಿನ ಮೇಲೆ ಇರಬೇಕಾದದ್ದು

ವೈದ್ಯರ ವೈಯಕ್ತಿಕ ಎನ್‌ಪಿಐ ನಂಬರ್ (ಚಿಕಿತ್ಸೆ ಕೊಡುವವರಿಗೆ ದೇಶಮಟ್ಟದಲ್ಲಿ ಕೊಡುವ ಗುರುತು), ಕ್ಲಿನಿಕ್ ಹೆಸರಿನ ಎನ್‌ಪಿಐ ನಂಬರ್, ತೆರಿಗೆ ನಂಬರ್ ಮತ್ತು ಅದರ ಡಬ್ಲ್ಯು-9 ಪತ್ರ, ಯಾವ ನಿರ್ಬಂಧವೂ ಇಲ್ಲದ ರಾಜ್ಯ ಲೈಸೆನ್ಸ್, ಔಷಧ ಬರೆಯುವವರಾದರೆ ಡಿಇಎ ಎಂಬ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ, ವೃತ್ತಿ ಲೋಪದ ವಿಮೆಯ ಪ್ರಮಾಣಪತ್ರ, ಕಳೆದ ಐದು ವರ್ಷಗಳ ಕೆಲಸದ ವಿವರ. ಕೆಲಸದ ನಡುವೆ ಆರು ತಿಂಗಳಿಗಿಂತ ಹೆಚ್ಚು ಬಿಡುವಿದ್ದರೆ ಕಾರಣ ಬರೆಯಬೇಕು. ಊರಿಗೆ ಬಂದು ತಂದೆ ತಾಯಿಯನ್ನು ನೋಡಿಕೊಂಡು ಒಂದು ವರ್ಷ ಇದ್ದವರು, ಹೆರಿಗೆಗೆಂದು ರಜೆ ಹಾಕಿದವರು ಅದನ್ನೇ ಬರೆದರೆ ಸಾಕು. ಖಾಲಿ ಬಿಟ್ಟರೆ ಮಾತ್ರ ಫೈಲ್ ನಿಲ್ಲುತ್ತದೆ.

ಈ ವಿವರಗಳೆಲ್ಲ ಸಿಎಕ್ಯೂಎಚ್ ಎಂಬ ಸಾಮಾನ್ಯ ದತ್ತಾಂಶ ತಾಣದಲ್ಲಿ ಇರಬೇಕು. ಬಹುತೇಕ ವಿಮಾ ಕಂಪನಿಗಳು ಅಲ್ಲಿಂದಲೇ ಮಾಹಿತಿ ತೆಗೆದುಕೊಳ್ಳುತ್ತವೆ. ಅಲ್ಲಿ ಹಾಕಿದ್ದು ಸರಿಯಿದೆ ಎಂದು ಪ್ರತಿ 120 ದಿನಕ್ಕೊಮ್ಮೆ ದೃಢೀಕರಿಸಬೇಕು. ಕ್ರೆಡೆನ್ಷಿಯಲಿಂಗ್, ಅಂದರೆ ಅರ್ಹತೆಯ ಪರಿಶೀಲನೆ, ತಡವಾಗುವುದಕ್ಕೆ ಅತಿ ಸಾಮಾನ್ಯ ಕಾರಣ ಈ ದೃಢೀಕರಣ ತಪ್ಪಿಹೋಗಿರುವುದು, ಇಲ್ಲವೇ ವಿಮೆಯ ಹಳೆಯ ಪ್ರಮಾಣಪತ್ರವೇ ಅಲ್ಲಿ ಕೂತಿರುವುದು. ಹೆಸರಿನ ವಿಷಯ ನಮ್ಮವರಿಗೆ ಇನ್ನೊಂದು ತಲೆನೋವು. ಲೈಸೆನ್ಸ್‌ನಲ್ಲಿ ಊರಿನ ಹೆಸರು ಸೇರಿದ ಪೂರ್ತಿ ಹೆಸರು, ಎನ್‌ಪಿಐಯಲ್ಲಿ ಬರೀ ಇನಿಷಿಯಲ್, ಡಿಇಎಯಲ್ಲಿ ಗಂಡನ ಹೆಸರು ಸೇರಿಸಿದ ಇನ್ನೊಂದು ರೂಪ ಇದ್ದರೆ ಪರಿಶೀಲಕರು ಒಂದೊಂದಕ್ಕೂ ವಿವರಣೆ ಕೇಳುತ್ತಾರೆ. ಅರ್ಜಿಗೆ ಮುನ್ನ ಎಲ್ಲ ಕಡೆ ಒಂದೇ ರೂಪ ಮಾಡಿಕೊಂಡರೆ ವಾರಗಟ್ಟಲೆ ಸಮಯ ಉಳಿಯುತ್ತದೆ.

ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಗಳಿಂದ ಹೊರಗಿಟ್ಟವರ ಪಟ್ಟಿಯಲ್ಲಿ ವೈದ್ಯರದ್ದಾಗಲಿ ಸಿಬ್ಬಂದಿಯದ್ದಾಗಲಿ ಹೆಸರು ಇರಬಾರದು. ಹಿಂದೆ ವಿಎಯಲ್ಲಿ ಕೆಲಸ ಮಾಡಿ, ರೋಗಿಯ ಸುರಕ್ಷತೆಗೆ ಸಂಬಂಧಿಸಿದ ಕಾರಣಕ್ಕೆ ಅಲ್ಲಿಂದ ತೆಗೆದುಹಾಕಲ್ಪಟ್ಟವರನ್ನೂ ಮಿಷನ್ ಕಾಯಿದೆ ಈ ಜಾಲದಿಂದ ದೂರ ಇಡುತ್ತದೆ. ಔಷಧ ಬರೆಯುವವರು ಓಪಿಯಾಯ್ಡ್ ನೋವುನಿವಾರಕಗಳ ಸುರಕ್ಷಿತ ಬಳಕೆಯ ಕುರಿತು ವಿಎ ಮಾರ್ಗಸೂಚಿಯನ್ನು ಓದಿರುವುದಾಗಿ ಒಪ್ಪಬೇಕು. ಇದರ ತರಬೇತಿ ವಿಎಚ್‌ಎ ಟ್ರೇನ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲೇ ಸೈನಿಕ ಬದುಕಿನ ರೀತಿನೀತಿ ತಿಳಿಸುವ ಪಾಠವೂ, ಆತ್ಮಹತ್ಯೆ ತಡೆಯುವ ಪಾಠವೂ ಇವೆ. ಕಡ್ಡಾಯವಿರಲಿ ಬಿಡಲಿ, ರಿಸೆಪ್ಷನ್ ಸಿಬ್ಬಂದಿಯೂ ಸೇರಿ ಎಲ್ಲರೂ ಇವೆರಡನ್ನು ಮುಗಿಸಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಒಪ್ಪಂದ ಕೈಗೆ ಬಂದಾಗ ಎರಡು ಕಲಮುಗಳನ್ನು ನಿಧಾನವಾಗಿ ಓದಿ. ಒಂದು, ಒಪ್ಪಂದ ಜಾರಿಗೆ ಬರುವ ದಿನಾಂಕ. ಆ ದಿನಕ್ಕಿಂತ ಮುಂಚೆ ನೋಡಿದ ರೋಗಿಗಳ ಬಿಲ್ ಜಾಲದ ಬಿಲ್ ಆಗುವುದಿಲ್ಲ, ಹಿಂದಿನ ದಿನಾಂಕ ಹಾಕಿಕೊಡಿ ಎಂದು ಆಮೇಲೆ ಕೇಳಿ ಪ್ರಯೋಜನವಿಲ್ಲ. ಎರಡು, ರೋಗಿಗಳ ಮಾಹಿತಿಯನ್ನು ಅಮೆರಿಕದ ಹೊರಗೆ ಕಳಿಸುವ ಬಗ್ಗೆ ಒಪ್ಪಂದ ಏನು ಹೇಳುತ್ತದೆ ಎಂಬುದು. ಬಿಲ್ಲಿಂಗ್ ಕೆಲಸವನ್ನು ಬೆಂಗಳೂರು ಅಥವಾ ಮೈಸೂರಿನ ಕಂಪನಿಗೆ ವಹಿಸಿರುವವರು ಇದಕ್ಕೆ ಲಿಖಿತ ಉತ್ತರ ಪಡೆಯದೆ ಒಂದು ಫೈಲನ್ನೂ ಕಳಿಸಬಾರದು.

ಸಹಿ ಹಾಕಿದರೂ ರೋಗಿಗಳು ಏಕೆ ಬರುವುದಿಲ್ಲ

ಜಾಲಕ್ಕೆ ಸೇರಿ ತಿಂಗಳಾದರೂ ಒಂದು ರೆಫರಲ್ ಬಂದಿಲ್ಲ ಎನ್ನುವ ಕ್ಲಿನಿಕ್‌ಗಳಿವೆ. ಇದಕ್ಕೆ ಕಾರಣವನ್ನು ಪಿಪಿಎಂಎಸ್ ಎಂಬ ಕಡತದಲ್ಲಿ ಹುಡುಕಬೇಕು. ವಿಎ ಸಿಬ್ಬಂದಿ ವೈದ್ಯರನ್ನು ಹುಡುಕುವುದು ಅಲ್ಲಿ. ರೋಗಿಯ ವಿಳಾಸ, ಬೇಕಾದ ವಿಶೇಷತೆ ಹಾಕಿದರೆ ಹತ್ತಿರದ ವೈದ್ಯರ ಪಟ್ಟಿ ಬರುತ್ತದೆ. ನಿಮ್ಮ ವಿಶೇಷತೆಯ ಕೋಡ್ ತಪ್ಪಿದ್ದರೆ, ಉದಾಹರಣೆಗೆ ಹೃದ್ರೋಗ ತಜ್ಞರ ಹೆಸರು ಬರೀ ಇಂಟರ್ನಲ್ ಮೆಡಿಸಿನ್ ಕೋಡ್‌ನಲ್ಲಿದ್ದರೆ, ಹುಡುಕುವವರ ಕಣ್ಣಿಗೆ ನೀವು ಬೀಳುವುದೇ ಇಲ್ಲ. ವಿಳಾಸ ಹಳೆಯದಾಗಿದ್ದರೆ, ಎರಡನೆಯ ಶಾಖೆ ಸೇರಿಸದಿದ್ದರೆ, ಫೋನ್ ನಂಬರ್ ಬಿಲ್ಲಿಂಗ್ ಆಫೀಸಿನದಾಗಿದ್ದರೆ ಕೂಡ ಹೀಗೇ ಆಗುತ್ತದೆ. ಈ ಕಡತವನ್ನು ನೀವೇ ತಿದ್ದಲಾಗದು. ಗುತ್ತಿಗೆ ಕಂಪನಿಗೆ ಕೊಟ್ಟ ಮಾಹಿತಿಯೇ ಅಲ್ಲಿಗೆ ಹೋಗುವುದರಿಂದ ತಿದ್ದುಪಡಿಯನ್ನೂ ಅವರಿಗೇ ಕಳಿಸಬೇಕು.

ಕ್ಲಿನಿಕ್ ಜಾಲದಲ್ಲಿದೆ ಎಂದಮಾತ್ರಕ್ಕೆ ಅಲ್ಲಿನ ಎಲ್ಲ ವೈದ್ಯರೂ ಇದ್ದಾರೆ ಎಂದಲ್ಲ. ಹೊಸದಾಗಿ ಸೇರಿದ ವೈದ್ಯರಿಗೆ ಪ್ರತ್ಯೇಕ ಪರಿಶೀಲನೆ ಮುಗಿಯಬೇಕು. ಅಲ್ಲಿಯವರೆಗೆ ಅವರ ಕೋಣೆಗೆ ಈ ರೋಗಿಗಳನ್ನು ಕಳಿಸಬಾರದು.

ಒಪ್ಪಂದ ಜಾರಿಯಾದ ಕೂಡಲೇ ಹತ್ತಿರದ ವಿಎ ವೈದ್ಯಕೀಯ ಕೇಂದ್ರದ ಕಮ್ಯುನಿಟಿ ಕೇರ್ ಕಚೇರಿಯನ್ನು ಸಂಪರ್ಕಿಸಿ. ಎಷ್ಟು ದಿನದೊಳಗೆ ಹೊಸ ರೋಗಿಗೆ ಅಪಾಯಿಂಟ್‌ಮೆಂಟ್ ಕೊಡಬಲ್ಲಿರಿ, ಯಾವ ಚಿಕಿತ್ಸೆಗಳಿವೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ತಿಳಿಸಿ. ಎಚ್‌ಎಸ್‌ಆರ್‌ಎಂ ಎಂಬ ರೆಫರಲ್ ವ್ಯವಸ್ಥೆಯಲ್ಲಿ ನಿಮ್ಮ ಸಿಬ್ಬಂದಿಗೆ ಖಾತೆ ತೆರೆಸಲು ದಾರಿ ತೋರಿಸುವವರೂ ಅವರೇ. ಖಾತೆ ಬೇಕಾದ ಪ್ರತಿಯೊಬ್ಬರೂ ಐಡಿ ಡಾಟ್ ಮಿ ಮೂಲಕ ಗುರುತು ದೃಢಪಡಿಸಿಕೊಳ್ಳಬೇಕು. ಒಬ್ಬರ ಹೆಸರಿನ ಲಾಗಿನ್‌ನಲ್ಲಿ ಇಡೀ ಆಫೀಸು ಕೆಲಸ ಮಾಡುವಂತಿಲ್ಲ. ಕನಿಷ್ಠ ಇಬ್ಬರಿಗಾದರೂ ಖಾತೆ ಇರಲಿ, ಒಬ್ಬರು ರಜೆ ಹಾಕಿದ ವಾರ ರೆಫರಲ್‌ಗಳು ಯಾರೂ ನೋಡದೆ ಉಳಿಯಬಾರದು. ಫ್ಯಾಕ್ಸ್‌ನಲ್ಲೂ ರೆಫರಲ್ ಬರುತ್ತದೆ, ಆದರೆ ಈ ವ್ಯವಸ್ಥೆಯಲ್ಲಿ ಅದರ ಸ್ಥಿತಿ ಕಣ್ಣೆದುರೇ ಕಾಣುತ್ತದೆ, ದಾಖಲೆಯನ್ನೂ ಅಲ್ಲೇ ಹಾಕಬಹುದು.

ರೆಫರಲ್ ಓದುವ ಬಗೆ

ಇಡೀ ವ್ಯವಹಾರ ನಿಂತಿರುವುದು ಈ ಪತ್ರದ ಮೇಲೆ. ಅದರಲ್ಲಿ ವಿಎ ಎಂಬ ಅಕ್ಷರಗಳಿಂದ ಶುರುವಾಗುವ ನಂಬರ್ ಇರುತ್ತದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಭೇಟಿ, ಯಾವ ಯಾವ ಸೇವೆ ಎಂಬುದೂ ಇರುತ್ತದೆ. ಒಪ್ಪಿದ ಸೇವೆಗಳ ಈ ಕಟ್ಟಿಗೆ ಎಸ್‌ಇಒಸಿ ಎನ್ನುತ್ತಾರೆ. ಬಿಲ್ ಯಾರಿಗೆ ಕಳಿಸಬೇಕು ಎಂಬುದೂ ಅದೇ ಪತ್ರದಲ್ಲಿದೆ.

ಒಂದು ಉದಾಹರಣೆ ನೋಡೋಣ. ಟೆಕ್ಸಾಸ್‌ನ ಪ್ಲೇನೊದ ಮೂಳೆ ತಜ್ಞರಿಗೆ ಡ್ಯಾಲಸ್ ವಿಎಯಿಂದ ಮಂಡಿನೋವಿನ ರೋಗಿಯೊಬ್ಬರ ರೆಫರಲ್ ಬಂದಿದೆ ಎಂದಿಟ್ಟುಕೊಳ್ಳಿ. ಅವಧಿ ಮಾರ್ಚ್ 10ರಿಂದ ಸೆಪ್ಟೆಂಬರ್ 5. ಪಟ್ಟಿಯಲ್ಲಿರುವುದು ಸಮಾಲೋಚನೆ, ಎಕ್ಸ್‌ರೇ, ಎಂಆರ್‌ಐ, ಕೀಲಿಗೆ ಇಂಜೆಕ್ಷನ್. ಮಾರ್ಚ್ 14ಕ್ಕೆ ಮೊದಲ ಭೇಟಿ. 73721 ಕೋಡ್‌ನ ಎಂಆರ್‌ಐಯಲ್ಲಿ ಮಂಡಿಯ ಮೆನಿಸ್ಕಸ್ ಎಂಬ ಮೃದ್ವಸ್ಥಿ ಹರಿದಿರುವುದು ಕಾಣುತ್ತದೆ. 29881 ಕೋಡ್‌ನ ಆರ್ತ್ರೋಸ್ಕೋಪಿ, ಅಂದರೆ ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ, ಬೇಕು. ಅವಧಿ ಇನ್ನೂ ಬೇಕಾದಷ್ಟಿದೆ, ರೋಗಿ ನೋವಿನಿಂದ ನರಳುತ್ತಿದ್ದಾರೆ, ಶಸ್ತ್ರಚಿಕಿತ್ಸೆಗೆ ಏಪ್ರಿಲ್ 2ಕ್ಕೆ ಜಾಗ ಖಾಲಿ ಇದೆ. ಕ್ಲಿನಿಕ್ ದಿನ ಗೊತ್ತುಮಾಡುತ್ತದೆ, ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗುತ್ತದೆ. ಬಿಲ್ ತಿರಸ್ಕೃತವಾಗುತ್ತದೆ, ಏಕೆಂದರೆ ಆರ್ತ್ರೋಸ್ಕೋಪಿ ಆ ಪಟ್ಟಿಯಲ್ಲಿ ಇರಲಿಲ್ಲ.

ಆಗಬೇಕಾಗಿದ್ದದ್ದು ಇಷ್ಟು: ಎಂಆರ್‌ಐ ವರದಿ ಬಂದ ದಿನವೇ 10-10172 ನಂಬರಿನ ಫಾರಂ ತುಂಬಿ ಹೆಚ್ಚುವರಿ ಸೇವೆ ಕೇಳಬೇಕಿತ್ತು. ಈ ಫಾರಂಗೆ ಆಫೀಸಿನಲ್ಲಿ ಆರ್‌ಎಫ್‌ಎಸ್ ಎಂದೇ ಹೆಸರು. ಅದರಲ್ಲಿ ರೋಗದ ಐಸಿಡಿ-10 ಕೋಡ್, ಬೇಕಾದ ಚಿಕಿತ್ಸೆಯ ಸಿಪಿಟಿ ಕೋಡ್, ಎಷ್ಟು ಸಲ, ಎಲ್ಲಿ, ಏಕೆ ಎಂಬುದನ್ನು ಬರೆದು ಭೇಟಿಯ ಟಿಪ್ಪಣಿ, ವರದಿ ಲಗತ್ತಿಸಿ, ವೈದ್ಯರ ಸಹಿ ಹಾಕಿ ವಿಎಗೆ ಕಳಿಸಬೇಕು. ಗುತ್ತಿಗೆ ಕಂಪನಿಗೆ ಕಳಿಸಿದರೆ ದಾರಿ ತಪ್ಪಿದಂತೆ, ಒಪ್ಪಿಗೆ ಕೊಡುವವರು ಅವರಲ್ಲ. ಸಹಿ ಮರೆತ ಫಾರಂ, “ಮಂಡಿನೋವು, ಮುಂದಿನ ಚಿಕಿತ್ಸೆ ಬೇಕು” ಎಂದಷ್ಟೇ ಬರೆದ ಫಾರಂ ವಾಪಸ್ ಬರುತ್ತವೆ.

ಈ ಉದಾಹರಣೆಯಲ್ಲೇ ಇನ್ನೂ ಎರಡು ವಿಷಯಗಳಿವೆ. ಅರಿವಳಿಕೆ ಕೊಡುವವರೂ, ಶಸ್ತ್ರಚಿಕಿತ್ಸಾ ಕೇಂದ್ರವೂ ಜಾಲದಲ್ಲಿರಬೇಕು, ಅವರ ಬಿಲ್‌ನಲ್ಲೂ ರೆಫರಲ್ ನಂಬರ್ ಇರಬೇಕು. ಅದನ್ನು ಅವರಿಗೆ ಕೊಡುವ ಹೊಣೆ ಶಸ್ತ್ರಚಿಕಿತ್ಸೆ ಗೊತ್ತುಮಾಡಿದ ಕ್ಲಿನಿಕ್‌ನದು. ಆಮೇಲಿನ ಫಿಸಿಯೋಥೆರಪಿ ಆ ಕಟ್ಟಿನೊಳಗೆ ಇದೆಯೋ ಇಲ್ಲವೋ ಎಂದು ಶಸ್ತ್ರಚಿಕಿತ್ಸೆಗೆ ಮುಂಚೆಯೇ ನೋಡಿ, ಇಲ್ಲದಿದ್ದರೆ ಅದನ್ನೂ ಅದೇ ಫಾರಂನಲ್ಲಿ ಕೇಳಬೇಕು. ಇಲ್ಲದಿದ್ದರೆ ಹೊಲಿಗೆ ಬಿಚ್ಚಿದ ಮೇಲೆ ಮಂಡಿ ಬಿಗಿದುಕೊಂಡ ರೋಗಿ ಕಾಗದಕ್ಕಾಗಿ ಮನೆಯಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ. ಅನುಮತಿಯ ಜೊತೆ ಹೊಸ ರೆಫರಲ್ ನಂಬರ್ ಬಂದರೆ ಆ ಸೇವೆಯ ಬಿಲ್‌ಗೆ ಹೊಸದನ್ನೇ ಹಾಕಬೇಕು.

ಅವಧಿ ಮುಗಿಯುವ ರೆಫರಲ್‌ಗಳನ್ನು ಯಾರೂ ನೆನಪಿಸುವುದಿಲ್ಲ. ಪ್ರತಿ ರೋಗಿಯ ಕಡೆಯ ತಾರೀಖನ್ನೂ, ಉಳಿದ ಭೇಟಿಗಳ ಲೆಕ್ಕವನ್ನೂ ಅಪಾಯಿಂಟ್‌ಮೆಂಟ್ ಕೊಡುವ ಪರದೆಯಲ್ಲೇ ಕಾಣುವಂತೆ ಬರೆದಿಡಿ. ಚಿಕಿತ್ಸೆ ಮುಂದುವರಿಯಬೇಕಿದ್ದರೆ ಕಡೆಯ ತಾರೀಖಿಗೆ ಒಂದು ತಿಂಗಳು ಇರುವಾಗಲೇ ಆರ್‌ಎಫ್‌ಎಸ್ ಕಳಿಸುವುದು ಒಳ್ಳೆಯ ಅಭ್ಯಾಸ.

ಬಿಲ್ ಮತ್ತು ಹಣ

ಸೇವೆ ಕೊಟ್ಟ ದಿನದಿಂದ, ಒಳರೋಗಿಯಾದರೆ ಬಿಡುಗಡೆಯಾದ ದಿನದಿಂದ, 180 ದಿನದೊಳಗೆ ಬಿಲ್ ಸೇರಬೇಕು. ಮೇಲಿನ ಉದಾಹರಣೆಯ ಮಾರ್ಚ್ 14ರ ಭೇಟಿಗೆ ಸೆಪ್ಟೆಂಬರ್ 10 ಕೊನೆಯ ದಿನ. ಗುತ್ತಿಗೆ ಕಂಪನಿಗೆ ಹೋಗಬೇಕಾದ ಬಿಲ್ ನೇರ ವಿಎಗೆ ಹೋದರೆ ಅಥವಾ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ವಿಮೆಗೆ ಹೋದರೆ, ವಾಪಸ್ ಬರುವವರೆಗೂ ಆ 180 ದಿನ ಉರುಳುತ್ತಲೇ ಇರುತ್ತದೆ.

ರೆಫರಲ್ ನಂಬರ್ ಸಿಎಂಎಸ್-1500 ಫಾರಂನ 23ನೇ ಚೌಕದಲ್ಲಿ, ಆಸ್ಪತ್ರೆಯ ಯುಬಿ-04 ಫಾರಂ ಆದರೆ 63ನೆಯದರಲ್ಲಿ ಇರಬೇಕು. ಕಂಪ್ಯೂಟರ್ ಮೂಲಕ ಕಳಿಸುವ 837 ಫೈಲ್‌ನಲ್ಲಿ 2300 ಲೂಪ್‌ನ ಆರ್‌ಇಎಫ್ ಸಾಲಿನಲ್ಲಿ ಜಿ1 ಗುರುತಿನೊಂದಿಗೆ ಹೋಗಬೇಕು. ಸಾಫ್ಟ್‌ವೇರ್ ಆ ಚೌಕವನ್ನು ಖಾಲಿ ಬಿಟ್ಟು ಕಳಿಸುವುದು, ಅಥವಾ ಹಿಂದಿನ ರೆಫರಲ್‌ನ ನಂಬರನ್ನೇ ಹಾಗೇ ಹೊತ್ತುತರುವುದು ತುಂಬಾ ಸಾಮಾನ್ಯ. ಮೊದಲ ಬಿಲ್ ಕಳಿಸಿದ ಮೇಲೆ ಫೈಲ್ ತೆರೆದು ಆ ಸಾಲನ್ನು ಕಣ್ಣಾರೆ ನೋಡಿ. ರೋಗಿಯ ಗುರುತಿಗೆ ರೆಫರಲ್‌ನಲ್ಲಿರುವ ನಂಬರ್ ಬಳಸಿ, ಅವರ ಮೆಡಿಕೇರ್ ಕಾರ್ಡಿನದಲ್ಲ.

ದರ ಸಾಮಾನ್ಯವಾಗಿ ಮೆಡಿಕೇರ್ ದರಕ್ಕೆ ಕಟ್ಟಿಕೊಂಡಿರುತ್ತದೆ. ಮೆಡಿಕೇರ್ ದರ ಇಲ್ಲದ ಸೇವೆಗೆ ವಿಎಯ ಸ್ವಂತ ದರಪಟ್ಟಿ ಇದೆ. ಕಾನೂನಿನ ಪ್ರಕಾರ ತಪ್ಪಿಲ್ಲದ ಬಿಲ್‌ಗೆ ಕಂಪ್ಯೂಟರ್ ಮೂಲಕ ಕಳಿಸಿದರೆ 30 ದಿನದಲ್ಲಿ, ಕಾಗದದಲ್ಲಿ ಕಳಿಸಿದರೆ 45 ದಿನದಲ್ಲಿ ಹಣ ಬರಬೇಕು.

ರೋಗಿಯ ಕೈಯಿಂದ ಮಾತ್ರ ಏನೂ ತೆಗೆದುಕೊಳ್ಳುವಂತಿಲ್ಲ. ಕೋಪೇ, ಅಂದರೆ ರೋಗಿಯ ಪಾಲಿನ ಹಣ, ಕೇಳುವಂತಿಲ್ಲ, ನಿಮ್ಮ ದರಕ್ಕೂ ಬಂದ ಹಣಕ್ಕೂ ಇರುವ ವ್ಯತ್ಯಾಸ ಕೇಳುವಂತಿಲ್ಲ, ಅಪಾಯಿಂಟ್‌ಮೆಂಟ್ ತಪ್ಪಿಸಿದ್ದಕ್ಕೆ ದಂಡವೂ ಇಲ್ಲ. ಕೋಪೇ ಇದ್ದರೆ ಅದನ್ನು ವಿಎಯೇ ಆಮೇಲೆ ರೋಗಿಗೆ ಲೆಕ್ಕ ಹಾಕುತ್ತದೆ. ಕ್ಲಿನಿಕ್‌ನ ತಪ್ಪಿನಿಂದ ಬಿಲ್ ತಿರಸ್ಕೃತವಾದರೆ ಆ ನಷ್ಟ ಕ್ಲಿನಿಕ್‌ನದೇ. ಅದನ್ನು ರೋಗಿಗೆ ಕಳಿಸಿ, ಕಟ್ಟದಿದ್ದಾಗ ವಸೂಲಿ ಏಜೆನ್ಸಿಗೆ ಕೊಡುವುದು ಒಪ್ಪಂದಕ್ಕೂ ವಿರುದ್ಧ, ಅನ್ಯಾಯವೂ ಹೌದು. ದೇಶಕ್ಕಾಗಿ ದುಡಿದವರ ಸಾಲದ ದಾಖಲೆ ಯಾರೋ ಒಂದು ನಂಬರ್ ಹಾಕದೆ ಬಿಟ್ಟಿದ್ದಕ್ಕೆ ಹಾಳಾಗಬಾರದು. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಈ ರೋಗಿಗಳಿಗೆ ತಾನಾಗಿಯೇ ಸ್ಟೇಟ್‌ಮೆಂಟ್ ಹೋಗದಂತೆ ಮೊದಲ ದಿನವೇ ತಡೆ ಹಾಕಿಸಿ.

ಬಿಲ್‌ಗೆ ವೈದ್ಯಕೀಯ ದಾಖಲೆ ಲಗತ್ತಿಸಬೇಕೆಂಬ ನಿಯಮವಿಲ್ಲ. ಆದರೆ ದಾಖಲೆ ವಿಎಗೆ ಹೋಗಲೇಬೇಕು. ಹೊರರೋಗಿಯಾದರೆ ಮೊದಲ ಭೇಟಿಯ ಟಿಪ್ಪಣಿ 30 ದಿನದೊಳಗೆ, ಚಿಕಿತ್ಸೆಯ ಕಟ್ಟು ಮುಗಿದ ಮೇಲೆ ಅಂತಿಮ ವರದಿ ಮತ್ತೆ 30 ದಿನದೊಳಗೆ. ಇದನ್ನು ಔಪಚಾರಿಕವೆಂದು ಬಿಟ್ಟವರಿಗೆ ಹಣ ನಿಲ್ಲದಿರಬಹುದು. ಆದರೆ ವಿಎಯ ಪ್ರಾಥಮಿಕ ವೈದ್ಯರಿಗೆ ನೀವು ಬದಲಿಸಿದ ಮಾತ್ರೆಯ ಸುದ್ದಿಯೇ ಇರುವುದಿಲ್ಲ, ಅವರು ಹಳೆಯದನ್ನೇ ಮುಂದುವರಿಸುತ್ತಾರೆ.

ಔಷಧ, ತುರ್ತು

ತುರ್ತಾಗಿ ಬೇಕಾದ ಔಷಧವನ್ನು 14 ದಿನದವರೆಗಿನ ಪ್ರಮಾಣಕ್ಕೆ, ಮರುತುಂಬಿಸದೆ, ಜಾಲದ ಸ್ಥಳೀಯ ಔಷಧ ಅಂಗಡಿಗೆ ಬರೆಯಬಹುದು. ಓಪಿಯಾಯ್ಡ್ ಆದರೆ ಇನ್ನೂ ಕಡಿಮೆ: ಏಳು ದಿನ, ರಾಜ್ಯದ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಅದಕ್ಕಿಂತ ಹೆಚ್ಚಿನದೆಲ್ಲ ವಿಎ ಫಾರ್ಮಸಿಗೆ, ವಿಎಯ ಔಷಧ ಪಟ್ಟಿಗೆ ಹೊಂದುವಂತೆ ಹೋಗಬೇಕು. 90 ದಿನದ ಮಾತ್ರೆಯನ್ನು ಬೀದಿಯ ತುದಿಯ ಅಂಗಡಿಗೆ ಬರೆದರೆ ರೋಗಿ ಕೌಂಟರ್‌ನಲ್ಲಿ ನಿಂತು ಸ್ವಂತ ಹಣ ಕೊಡಬೇಕಾಗುತ್ತದೆ.

ತುರ್ತು ಚಿಕಿತ್ಸೆಗೆ ಮೊದಲೇ ರೆಫರಲ್ ಪಡೆಯಲು ಸಮಯವಿರುವುದಿಲ್ಲ. ಚಿಕಿತ್ಸೆ ಶುರುವಾದ 72 ಗಂಟೆಯೊಳಗೆ ವಿಎಯ ತುರ್ತು ವರದಿ ತಾಣದಲ್ಲಿ ಅಥವಾ 844-724-7842ಕ್ಕೆ ಫೋನ್ ಮಾಡಿ ತಿಳಿಸಬೇಕು. ಸ್ಥಳೀಯ ವಿಎ ಆಸ್ಪತ್ರೆಯಲ್ಲಿ ಪರಿಚಯದವರಿಗೆ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ನೆಗಡಿ, ಉಳುಕು, ಗಂಟಲುನೋವಿನಂಥವಕ್ಕೆ ಇರುವ ಅರ್ಜೆಂಟ್ ಕೇರ್ ಸೌಲಭ್ಯ ಬೇರೆ. ಕಳೆದ 24 ತಿಂಗಳಲ್ಲಿ ವಿಎ ಮೂಲಕ ಚಿಕಿತ್ಸೆ ಪಡೆದವರು ರೆಫರಲ್ ಇಲ್ಲದೆ ಬರಬಹುದು. ಅವರ ಅರ್ಹತೆಯನ್ನು ಒಳಗೆ ಕರೆಯುವ ಮುನ್ನ ಪರಿಶೀಲಿಸಬೇಕು.

ಆತ್ಮಹತ್ಯೆಯ ಯೋಚನೆಯಲ್ಲಿರುವವರ ವಿಷಯದಲ್ಲಿ ಕಾನೂನು ಬಾಗಿಲನ್ನು ದೊಡ್ಡದಾಗಿಯೇ ತೆರೆದಿದೆ. 2023ರ ಜನವರಿ 17ರಿಂದ, ಕಾಂಪ್ಯಾಕ್ಟ್ ಕಾಯಿದೆಯಡಿ, ಅರ್ಹ ಮಾಜಿ ಸೈನಿಕರು ವಿಎಯಲ್ಲಿ ನೋಂದಾಯಿಸಿಕೊಂಡಿರದಿದ್ದರೂ ತಕ್ಷಣದ ಚಿಕಿತ್ಸೆ ಉಚಿತ: ಒಳರೋಗಿಯಾಗಿ 30 ದಿನದವರೆಗೆ, ಹೊರರೋಗಿಯಾಗಿ 90 ದಿನದವರೆಗೆ. ಸಹಾಯವಾಣಿ 988, ಫೋನ್ ಎತ್ತಿದ ಮೇಲೆ 1 ಒತ್ತಬೇಕು. ರಿಸೆಪ್ಷನ್‌ನಲ್ಲಿ ಕೂರುವ ಪ್ರತಿಯೊಬ್ಬರಿಗೂ ಇದು ಬಾಯಿಪಾಠವಾಗಿರಲಿ.

ಜಾಲ ಬೇಡವಾದರೆ, ಜಾಲದಲ್ಲಿ ಉಳಿಯಬೇಕಾದರೆ

ಗುತ್ತಿಗೆ ಕಂಪನಿಯ ಜಾಲದಲ್ಲಿ ಬೇಕಾದ ಸೇವೆ ಸಿಗದಿದ್ದಾಗ ಸ್ಥಳೀಯ ವಿಎ ಕೇಂದ್ರವೇ ನೇರವಾಗಿ ಒಬ್ಬ ವೈದ್ಯರ ಜೊತೆ ವೆಟರನ್ಸ್ ಕೇರ್ ಅಗ್ರಿಮೆಂಟ್ ಮಾಡಿಕೊಳ್ಳಬಹುದು. ಅದಕ್ಕೂ ಅರ್ಹತೆಯ ಪರಿಶೀಲನೆ ಇದೆ, ಬಿಲ್ ಮಾತ್ರ ನೇರ ವಿಎಗೆ ಹೋಗುತ್ತದೆ. ಅಪರೂಪದ ವಿಶೇಷತೆಯವರಿಗೆ, ದೂರದ ಹಳ್ಳಿಗಾಡಿನ ಕ್ಲಿನಿಕ್‌ಗಳಿಗೆ ಇದು ಉಪಯುಕ್ತ. ಜಾಲದ ಕೆಲಸ ರಗಳೆ ಎಂದು ಇದನ್ನು ಅಡ್ಡದಾರಿಯಾಗಿ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಸೇರಿದವರ ಅರ್ಹತೆಯನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುತ್ತಾರೆ. ಆ ಪತ್ರ ಹಳೆಯ ಇಮೇಲ್‌ಗೆ ಹೋಗಿ ಯಾರೂ ನೋಡದಿದ್ದರೆ ಒಪ್ಪಂದ ಕಡಿದುಹೋಗುತ್ತದೆ, ಅರ್ಧ ಚಿಕಿತ್ಸೆಯಲ್ಲಿರುವ ರೋಗಿಗಳು ಇನ್ನೊಬ್ಬ ವೈದ್ಯರನ್ನು ಹುಡುಕಬೇಕಾಗುತ್ತದೆ. ವೈದ್ಯರೊಬ್ಬರು ಕ್ಲಿನಿಕ್ ಬಿಟ್ಟಾಗ, ವಿಳಾಸ ಬದಲಾದಾಗ, ತೆರಿಗೆ ನಂಬರ್ ಬದಲಾದಾಗ ಕಂಪನಿಗೆ ಮುಂಚಿತವಾಗಿ ಬರೆಯಬೇಕು. ತೆರಿಗೆ ನಂಬರ್ ಬದಲಾವಣೆ ಇವುಗಳಲ್ಲಿ ಅತಿ ತೊಡಕಿನದು. ಹೆಚ್ಚಿನ ಸಂದರ್ಭದಲ್ಲಿ ಹೊಸ ಒಪ್ಪಂದವೇ ಬೇಕಾಗುತ್ತದೆ, ಆ ಒಪ್ಪಂದದ ಜಾರಿ ದಿನಾಂಕ ಬರುವವರೆಗೆ ಹೊಸ ನಂಬರಿನಲ್ಲಿ ಈ ರೋಗಿಗಳ ಬಿಲ್ ಕಳಿಸುವಂತಿಲ್ಲ.